ಆರ್ವಿಡ್ ತ್ವೇಟೆನ್ ಕಟ್ಟದೆ ಉಳಿದ ಚರ್ಚು

ನಾರ್ತ್ ಡಕೋಟಾದ ಲಿಂಡಾಲ್ ಊರಿನಿಂದ ಯಾವ ದಿಕ್ಕಿಗೆ ಕಾರು ಓಡಿಸಿಕೊಂಡು ಹೋದರೂ ಅರ್ಧ ಗಂಟೆಯೊಳಗೆ ಆರ್ವಿಡ್ ತ್ವೇಟೆನ್ ಕಟ್ಟಿದ ಕಟ್ಟಡವೊಂದು ಸಿಕ್ಕೇ ಸಿಗುತ್ತದೆ. ಹದಿನೇಳು ಶಾಲೆ, ನಾಲ್ಕು ಕೋರ್ಟು, ಒಂದು ಆಸ್ಪತ್ರೆ, ಎರಡು ಬ್ಯಾಂಕು, ಒಂದು ಹಾಲಿನ ಡೇರಿ, ಒಂದು ಸಿನಿಮಾ ಮಂದಿರ, ಅಕ್ಕಪಕ್ಕದ ಊರುಗಳಲ್ಲಿ ಒಂಬತ್ತು ಚರ್ಚು. ತನ್ನ ಸ್ವಂತ ಊರಲ್ಲಿ ಮಾತ್ರ ಅವನು ಚರ್ಚು ಕಟ್ಟಲಿಲ್ಲ. ಆಸೆ ಇರಲಿಲ್ಲವೇ ಎಂದು ಕೇಳಬೇಡಿ. ಇಡೀ ಜೀವಮಾನದಲ್ಲಿ ಅವನಿಗಿದ್ದ ದೊಡ್ಡ ಆಸೆ ಅದೊಂದೇ.

ಅವನ ಕಟ್ಟಡಗಳನ್ನು ಗುರುತಿಸಲು ಹೆಸರಿನ ಕಲ್ಲು ಹುಡುಕಬೇಕಾಗಿಲ್ಲ. ಬಾಗಿಲು ಎಂದೂ ವಾಯವ್ಯಕ್ಕಿರುವುದಿಲ್ಲ, ನಮ್ಮಲ್ಲಿ ಚಳಿಗಾಲದ ಗಾಳಿ ಬರುವುದು ಅತ್ತಲಿಂದ. ಒಳಗೆ ಕಾಲಿಟ್ಟರೆ ಎರಡು ಬಾಗಿಲುಗಳ ನಡುವೆ ಒಂದು ಪುಟ್ಟ ಕೋಣೆ, ಅದರಲ್ಲಿ ಹಿಮದ ಬೂಟು ಕಳಚಲು ಗೋಡೆಗಂಟಿದ ಉದ್ದ ಬೆಂಚು. ದೂಳಿನ ಬಣ್ಣದ ಇಟ್ಟಿಗೆ. ಕಡಿದಾದ ಮಾಡು, ಹಿಮ ತಾನಾಗಿ ಜಾರಿ ಬೀಳಬೇಕು. ಪಟ್ಟಣದಿಂದ ಬಂದ ಪತ್ರಿಕೆಯವನೊಬ್ಬ ಒಮ್ಮೆ ಇವನ ಕೋರ್ಟು ಕಟ್ಟಡ ನೋಡಿ, ಇದರಲ್ಲಿ ವಿಶೇಷವೇನೂ ಇಲ್ಲವಲ್ಲ ಎಂದು ಮೂಗು ಮುರಿದಿದ್ದ. ಆರ್ವಿಡ್‌ಗೆ ಅದು ಹೊಗಳಿಕೆಯಂತೆ ಕೇಳಿಸಿತ್ತು. ಪತ್ರಿಕೆಯವನು ಅಲ್ಲಿ ಒಂದು ಜನವರಿ ಕಳೆದಿದ್ದರೆ ಬೇರೆ ಬರೆಯುತ್ತಿದ್ದನೋ ಏನೋ.

ಅವನು ಹುಟ್ಟಿದ್ದು ೧೮೮೬ರಲ್ಲಿ, ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆಯಲ್ಲಿ. ಅಪ್ಪ ನಾರ್ವೆಯಿಂದ ಬಂದ ಬಡಗಿ. ಹದಿನಾರಕ್ಕೆ ಆರ್ವಿಡ್ ಉಳಿ ಹಿಡಿದ. ಇಪ್ಪತ್ತಕ್ಕೆ ಅಂಚೆಯಲ್ಲಿ ಬರುವ ಪಾಠಗಳನ್ನು ತರಿಸಿಕೊಂಡು ನಕ್ಷೆ ಬರೆಯುವುದನ್ನು ಕಲಿತ. ಫಾರ್ಗೋದಲ್ಲಿ ಆರು ವರ್ಷ ಇನ್ನೊಬ್ಬರ ಕೈಕೆಳಗೆ ಗೆರೆ ಎಳೆದು, ೧೯೧೪ರಲ್ಲಿ ಲಿಂಡಾಲ್‌ಗೆ ಮರಳಿ ಕಬ್ಬಿಣದ ಸಾಮಾನಿನ ಅಂಗಡಿಯ ಮಹಡಿಯಲ್ಲಿ ಕಚೇರಿ ತೆರೆದ. ಶಾಲೆಯ ಟೀಚರ್ ಸಿಗ್ನೆಯನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಕಚೇರಿ ತೆರೆದ ಒಂಬತ್ತು ವರ್ಷಕ್ಕೆ ಬೋರ್ಗಿಲ್ಡ್ ಎಂಬ ಹುಡುಗಿ ನಕ್ಷೆಗೆ ಶಾಯಿ ಹಚ್ಚಲು ಕೆಲಸಕ್ಕೆ ಸೇರಿದಳು. ಅವಳ ಗೆರೆ ಎಷ್ಟು ಸಪೂರವೋ ನಾಲಗೆ ಅಷ್ಟೇ ಚೂಪು. ಆರ್ವಿಡ್‌ನ ಬಾಯಲ್ಲಿ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು, ಉಳಿದದ್ದನ್ನು ಅವಳೇ ಆಡುತ್ತಿದ್ದಳು.

ಇನ್ನು ನಾರ್ವೆಯಿಂದ ಬಂದು ನೆಲೆಸಿದ ನಮ್ಮ ಜನರ ಒಂದು ಚಾಳಿಯನ್ನು ಹೇಳದೆ ಈ ಕಥೆ ಮುಂದೆ ಹೋಗದು. ನಮ್ಮಲ್ಲಿ ಯಾರಾದರೂ ಏನನ್ನಾದರೂ ಕೊಟ್ಟರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ, ಛೆ ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಸರಿ ಹಾಗಾದರೆ ಅರ್ಧ ಕಪ್ಪು ಸಾಕು ಎನ್ನಬೇಕು. ಆಮೇಲೆ ಕಪ್ಪು ತುಂಬ ಕಾಫಿ ಬರುತ್ತದೆ, ಜೊತೆಗೆ ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಆಲೂಗಡ್ಡೆ ರೊಟ್ಟಿ, ಎರಡು ಬಗೆಯ ಕೇಕು. ಮೊದಲ ಸಲಕ್ಕೇ ಹೂಂ ಎಂದವನನ್ನು ಗತಿಗೆಟ್ಟವನು ಎಂದುಕೊಳ್ಳುತ್ತಾರೆ. ಮೂರನೆಯ ಸಲವೂ ಬೇಡ ಎಂದವನು ಮನೆಯವರಿಗೆ ಅವಮಾನ ಮಾಡಿದ ಹಾಗೆ. ಕಾಫಿಯಿಂದ ಹಿಡಿದು ಮದುವೆಯ ತನಕ ಎಲ್ಲದಕ್ಕೂ ಇದೇ ನಿಯಮ. ಸಿಗ್ನೆ ಕೂಡ ಆರ್ವಿಡ್‌ಗೆ ಎರಡು ಸಲ ಇಲ್ಲ ಎಂದೇ ಮೂರನೆಯ ಸಲ ಒಪ್ಪಿದ್ದು.

ಲಿಂಡಾಲ್‌ನ ಹಳೆಯ ಚರ್ಚು ಮರದ್ದು. ಮೊದಲು ಬಂದು ನೆಲೆಸಿದವರು ಸೇರಿ ಕಟ್ಟಿದ್ದು, ಅದರಲ್ಲಿ ಆರ್ವಿಡ್‌ನ ಅಪ್ಪನ ಕೈಯೂ ಇತ್ತು. ಭಾನುವಾರಗಳಲ್ಲಿ ಪ್ರಾರ್ಥನೆ ಮುಗಿಸಿ ಬಂದು ಆರ್ವಿಡ್ ಕಚೇರಿಗೆ ಹೋಗಿ ಆ ಜಾಗಕ್ಕೆ ಇನ್ನೊಂದು ಚರ್ಚನ್ನು ಬರೆಯುತ್ತ ಕೂರುತ್ತಿದ್ದ. ಯಾರೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಬರೆದ, ಅಳಿಸಿದ, ಮತ್ತೆ ಬರೆದ. ಬೆಳಗಿನ ಬಿಸಿಲು ಯಾವ ಬೆಂಚಿನ ಮೇಲೆ ಬೀಳಬೇಕು, ಶವಪೆಟ್ಟಿಗೆ ಹೊತ್ತ ಆರು ಜನ ತಡವರಿಸದೆ ತಿರುಗಲು ಬಾಗಿಲಲ್ಲಿ ಎಷ್ಟು ಜಾಗ ಬೇಕು, ನೆಲಮಾಳಿಗೆಯ ಅಡುಗೆಮನೆಯಲ್ಲಿ ಹೆಂಗಸರು ಒಬ್ಬರ ಮೊಣಕೈ ಒಬ್ಬರಿಗೆ ತಾಗದೆ ಇನ್ನೂರು ಜನಕ್ಕೆ ಹೇಗೆ ಬಡಿಸಬಹುದು, ಎಲ್ಲವೂ ಅದರಲ್ಲಿತ್ತು. ಸೋಮವಾರ ಬೋರ್ಗಿಲ್ಡ್ ಆ ಹಾಳೆಗಳಿಗೆ ಶಾಯಿ ಹಚ್ಚುತ್ತ ರೇಗಿಸುತ್ತಿದ್ದಳು.

"ಯಜಮಾನ್ರೇ, ಇದನ್ನ ಕಟ್ಬೇಕು ಅಂದ್ರೆ ಮೊದ್ಲು ಆ ಹಳೇ ಚರ್ಚಿಗೆ ಬೆಂಕಿ ಬೀಳ್ಬೇಕು."

"ಬಿಡ್ತು ಅನ್ನಮ್ಮ, ಎಂಥಾ ಮಾತಾಡ್ತೀಯ."

೧೯೪೯ರ ಫೆಬ್ರವರಿಯಲ್ಲಿ ಸಿಗ್ನೆ ತೀರಿಕೊಂಡಳು. ನೆಲ ಆರಡಿ ಆಳಕ್ಕೆ ಹೆಪ್ಪುಗಟ್ಟಿತ್ತು. ಮಣ್ಣು ಸಡಿಲಾಗುವ ತನಕ ಅವಳ ಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆಯಲ್ಲಿ, ಆ ಚಳಿಗಾಲದಲ್ಲಿ ಸತ್ತ ಇನ್ನು ನಾಲ್ವರ ಜೊತೆ ಕಾಯುತ್ತಿತ್ತು. ಮಾರ್ಚ್ ಕೊನೆಯ ಭಾನುವಾರ ಪ್ರಾರ್ಥನೆಗೆ ಮೊದಲು ಚರ್ಚಿನ ಒಲೆಕೊಳವೆ ಕಾದು ಮಾಡಿಗೆ ಬೆಂಕಿ ಹತ್ತಿತು. ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಊರಿನವರು ಹಿಮದಲ್ಲಿ ನಿಂತು ಅಳುತ್ತಿದ್ದರು. ಆರ್ವಿಡ್‌ನ ಕಣ್ಣಲ್ಲೂ ನೀರಿತ್ತು, ಅವನ ಅಪ್ಪ ಕೆತ್ತಿದ ಬಲಿಪೀಠದ ಮುಂದಿನ ಕಟಕಟೆ ಅಲ್ಲೇ ಸುಡುತ್ತಿತ್ತು. ಆದರೆ ಅದೇ ಹೊತ್ತಿಗೆ ಅವನ ಮನಸ್ಸು ಹೊಸ ಗಂಟೆಗೋಪುರ ಯಾವ ಮೂಲೆಯಿಂದ ಏಳಬೇಕೆಂದು ಅಳೆಯುತ್ತಿತ್ತು, ಮತ್ತು ಒಂದು ಕ್ಷಣ ಅವನಿಗೆ ಖುಷಿಯಾಯಿತು. ನಿಜವಾದ ಖುಷಿ. ಆಮೇಲೆ ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಹೆಂಡತಿ ಮಣ್ಣು ಕಾಣದೆ ಮಲಗಿದ್ದಾಳೆ, ಊರಿನ ದೇವರಮನೆ ಉರಿಯುತ್ತಿದೆ, ನಾನು ಅಳತೆ ಹಾಕುತ್ತಿದ್ದೇನೆ ಎಂದು ಮನೆಗೆ ಹೋಗಿ ಊಟ ಮಾಡದೆ ಕುಳಿತ.

ಕಟ್ಟಡ ಸಮಿತಿಗೆ ಪಾಲ್ಮರ್ ಹೌಗೆಯನ್ನು ಅಧ್ಯಕ್ಷನನ್ನಾಗಿ ಮಾಡಿದರು. ಪಾಲ್ಮರ್ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಬೆಳೆಯುವ ರೈತ, ಆರ್ವಿಡ್‌ನ ಜೊತೆ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವನು. ಏಪ್ರಿಲ್ ಮೊದಲ ಭಾನುವಾರ, ಶಾಲೆಯ ಸಭಾಂಗಣದಲ್ಲಿ ನಡೆದ ಪ್ರಾರ್ಥನೆ ಮುಗಿದ ಮೇಲೆ, ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಬಂದ.

"ಏನಿಲ್ಲ ಕಣೋ ಆರ್ವಿಡ್, ನಮ್ಮ ಸಮಿತಿಯವ್ರು ಮಾತಾಡ್ಕೊಂಡ್ವಿ. ಚರ್ಚಿನ ನಕ್ಷೆ ನೀನೇ ಮಾಡಿದ್ರೆ ಹೆಂಗೆ ಅಂತ."

ಆರ್ವಿಡ್‌ನ ಎದೆ ಡವಡವ ಎಂದಿತು. ಬಾಯಿ ಮಾತ್ರ ತಾನು ಕಲಿತದ್ದನ್ನೇ ಹೇಳಿತು. "ಅಯ್ಯೋ, ನಂದೇನು ಮಹಾ. ಮಿನಿಯಾಪೊಲಿಸ್‌ನಲ್ಲಿ ದೊಡ್ಡ ದೊಡ್ಡೋರು ಇದಾರೆ, ಅವ್ರನ್ನ ಕೇಳ್ರಪ್ಪ."

"ಹೌದಾ? ಸರಿ, ಯೋಚ್ನೆ ಮಾಡು" ಎಂದು ಪಾಲ್ಮರ್ ಹೋದ.

ಮುಂದಿನ ಭಾನುವಾರ ಮತ್ತೆ ಬಂದ. ಈ ಸಲ ಪಾದ್ರಿಯೂ ಪಕ್ಕದಲ್ಲಿದ್ದರು.

"ನೋಡೋ, ಎಲ್ರಿಗೂ ನೀನೇ ಮಾಡ್ಬೇಕು ಅಂತ ಮನಸ್ಸಿದೆ."

"ನಂಗೂ ವಯಸ್ಸಾಯ್ತಲ್ಲ ಪಾಲ್ಮರ್. ಸಿಗ್ನೆನ ಇನ್ನೂ ಮಣ್ಣಿಗಿಟ್ಟಿಲ್ಲ. ಕೈಯೇ ಓಡಲ್ಲ."

ಅದು ಪೂರ್ತಿ ಸುಳ್ಳಲ್ಲ. ಆದರೆ ಹೇಳುವಾಗಲೇ ಅವನು ಮುಂದಿನ ಭಾನುವಾರಕ್ಕೆ ಲೆಕ್ಕ ಹಾಕಿಯಾಗಿತ್ತು. ಮೂರನೆಯ ಸಲ ಕೇಳಿದಾಗ, ಸರಿ ಬಿಡಿ, ಒಂದು ಚಿಕ್ಕ ಗೀಟು ಹಾಕಿ ನೋಡೋಣ ಎನ್ನಬೇಕು. ಸೋಮವಾರ ಇಪ್ಪತ್ತೆರಡು ವರ್ಷದ ಹಾಳೆಗಳನ್ನು ಹೊರತೆಗೆಯಬೇಕು. ಬಾಯಲ್ಲಿ ಬೇಡ ಎಂದರೂ ಅವನು ಶನಿವಾರ ಕ್ಷೌರ ಮಾಡಿಸಿಕೊಂಡು ಬಂದ.

ಮೂರನೆಯ ಭಾನುವಾರ ಪಾಲ್ಮರ್ ಕೈಕುಲುಕಿದ, ಹಿಮ ಕರಗುತ್ತಿದೆ ಎಂದ, ಹೊಳೆ ಈ ಸಲ ಉಕ್ಕಬಹುದು ಎಂದ, ಹೋದ. ನಾಲ್ಕನೆಯ ಭಾನುವಾರವೂ ಅಷ್ಟೇ. ಆರ್ವಿಡ್ ಸಭಾಂಗಣ ಖಾಲಿಯಾಗುವ ತನಕ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. ಕೊನೆಗೆ ಕುರ್ಚಿ ಮಡಚುವವರು ಬಂದು, ಏನಾದರೂ ಕಳೆದುಹೋಯಿತಾ ಎಂದು ಕೇಳಿದರು.

ಮೇ ತಿಂಗಳಲ್ಲಿ ಸಿಗ್ನೆಯನ್ನು ಮಣ್ಣಿಗಿಟ್ಟರು. ಅದರ ಮರುದಿನ ಬೋರ್ಗಿಲ್ಡ್ ಮಾತಿಗೆ ಶುರುಮಾಡಿದಳು.

"ಮಿನಿಯಾಪೊಲಿಸ್‌ಗೆ ಕಾಗದ ಬರೀತಾರಂತೆ. ಅಂಗಡಿಲಿ ಮಾತಾಡ್ತಿದ್ರು."

"ಹೌದಾ."

"ಹೌದಾ ಅಂತೆ! ಹೋಗಿ ಮಾಡ್ತೀನಿ ಅಂತ ಒಂದ್ ಮಾತು ಹೇಳ್ಬಾರ್ದಾ? ನಾಲಗೆ ಸವೆದುಹೋಗುತ್ತಾ?"

"ಕೇಳ್ದೇ ಇರೋವಾಗ ಹೆಂಗಮ್ಮ ಹೇಳೋದು."

"ಎರಡ್ ಸಲ ಕೇಳಿದ್ರಲ್ಲ!"

"ಎರಡೇ ಸಲ" ಎಂದ ಆರ್ವಿಡ್. ಅವಳೂ ಅದೇ ಜನ, ಅದೇ ರಕ್ತ. ಆದರೂ ಅವಳು ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ಅವನ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಬಂದಳು. "ಹೋಗಿ ಬನ್ನಿ. ನಾಚಿಕೆ ಆದ್ರೆ ಬೋರ್ಗಿಲ್ಡ್ ಕಳ್ಸಿದ್ಲು ಅನ್ನಿ" ಎಂದಳು.

ಪಾಲ್ಮರನ ಹೊಲ ಊರಿಂದ ಹದಿನಾಲ್ಕು ಮೈಲಿ, ಕೊನೆಯ ಆರು ಮೈಲಿ ಕೆಸರು. ಪಾಲ್ಮರನ ಹೆಂಡತಿ ಆಗ್ನೆಸ್ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಬೇಕಾ ಎಂದಳು. ಬೇಡ ಎಂದ. ಮತ್ತೆ ಕೇಳಿದಳು. ಸುಮ್ನೆ ಯಾಕೆ ಎಂದ. ಮತ್ತೆ ಕೇಳಿದಳು. ಅರ್ಧ ಕಪ್ಪು ಎಂದ. ಕಾಫಿಗೆ ಮೂರು ಸಲ ಕೇಳುವ ಮನೆಯಲ್ಲಿ ಚರ್ಚಿಗೆ ಎರಡೇ ಸಲ ಯಾಕೆ ಕೇಳಿದರು ಎಂದು ಯೋಚಿಸುತ್ತ ಅವನು ಸಕ್ಕರೆ ಕದಡಿದ.

ಬೀಟಿನ ಬಗ್ಗೆ ಮಾತಾಯಿತು. ಟ್ರ್ಯಾಕ್ಟರಿನ ಬಗ್ಗೆ ಆಯಿತು. ಹೊಳೆ ಎಷ್ಟು ಏರಿತು, ಎಷ್ಟು ಇಳಿಯಿತು, ಎಲ್ಲ ಆಯಿತು. ಮೂರು ಕಪ್ಪು ಕಾಫಿ ಮುಗಿಯಿತು.

"ಅಲ್ಲ ಆರ್ವಿಡ್, ಏನಾದ್ರೂ ವಿಷ್ಯ ಇತ್ತೇನೋ? ಅಷ್ಟು ದೂರದಿಂದ ಬಂದಿದ್ದೀಯ" ಎಂದ ಪಾಲ್ಮರ್.

"ಏ ಇಲ್ಲಪ್ಪ. ಹಿಂಗೇ ಈ ಕಡೆ ಬಂದಿದ್ದೆ, ನೋಡ್ಕೊಂಡು ಹೋಗೋಣ ಅಂತ."

ಆ ಕಡೆ ಪಾಲ್ಮರನ ಹೊಲ ಬಿಟ್ಟರೆ ಬೇರೇನೂ ಇಲ್ಲ. ರಸ್ತೆ ಅವನ ಕಣಜದ ಬಾಗಿಲಲ್ಲೇ ಮುಗಿಯುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು. ಪಾಲ್ಮರ್ ಕಾರಿನ ತನಕ ಬಂದು, ಹಿಂದಿನ ಸೀಟಿನ ಸುರುಳಿಗಳನ್ನು ನೋಡಿ, "ಕೆಲ್ಸ ಜೋರಾ?" ಎಂದ. "ಯಾವ್ದೋ ಶಾಲೆದು" ಎಂದ ಆರ್ವಿಡ್.

ಕಚೇರಿಯಲ್ಲಿ ಬೋರ್ಗಿಲ್ಡ್ ಅವನ ಮುಖ ನೋಡಿದಳು, ಸುರುಳಿಗಳನ್ನು ತೆಗೆದುಕೊಂಡು ಮತ್ತೆ ಡ್ರಾಯರಿನಲ್ಲಿಟ್ಟಳು. ಇದಕ್ಕಿಂತ ಅವಳ ಬೈಗುಳವನ್ನಾದರೂ ಕೇಳಬಹುದಾಗಿತ್ತು ಎಂದು ಅವನಿಗನ್ನಿಸಿತು.

ಮಿನಿಯಾಪೊಲಿಸ್‌ನಿಂದ ಬೋ ಟೈ ಕಟ್ಟಿದ ಒಬ್ಬ ಯುವಕ ಬಂದ. ಎರಡು ವರ್ಷದಲ್ಲಿ ಚರ್ಚು ಎದ್ದಿತು. ಚಪ್ಪಟೆ ಮಾಡು, ಒಂದು ಇಡೀ ಗೋಡೆಗೆ ಗಾಜು, ಬಾಗಿಲು ನೇರ ವಾಯವ್ಯಕ್ಕೆ, ಯಾಕೆಂದರೆ ರಸ್ತೆ ಅತ್ತ ಕಡೆ ಇತ್ತು ಮತ್ತು ರಸ್ತೆಯಿಂದ ಚೆನ್ನಾಗಿ ಕಾಣುತ್ತಿತ್ತು. ಉದ್ಘಾಟನೆಯ ದಿನ ಇಡೀ ಊರು ಒಳಗೆ ಹೋಗಿ ಕತ್ತೆತ್ತಿ ನೋಡಿತು. ಆಮೇಲೆ ಕಾಫಿಯ ಹೊತ್ತಿಗೆ ಒಬ್ಬೊಬ್ಬರಾಗಿ, "ಬೇರೆ ಥರ ಇದೆ" ಎಂದರು. ನಮ್ಮ ಜನ ಯಾವುದನ್ನಾದರೂ ಬೇರೆ ಥರ ಇದೆ ಎಂದರೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಪಾಲ್ಮರ್ ಆರ್ವಿಡ್‌ನ ಕಡೆ ತಿರುಗಿ, ನಿಂಗೇನನ್ಸುತ್ತೆ ಎಂದ. ಎಲ್ಲರ ಕಪ್ಪೂ ಗಾಳಿಯಲ್ಲೇ ನಿಂತಿತು.

"ಬೆಳಕು ಚೆನ್ನಾಗಿದೆ" ಎಂದ ಆರ್ವಿಡ್.

ಮೊದಲ ಚಳಿಗಾಲಕ್ಕೇ ಬಾಗಿಲ ಮುಂದೆ ಹಿಮ ಎದೆಯೆತ್ತರ ಗುಡ್ಡೆಯಾಗಿ ಜನ ಅಡುಗೆಮನೆಯ ಕಡೆಯಿಂದ ಒಳಗೆ ಬರತೊಡಗಿದರು. ಮಾಡು ಸೋರಿತು. ಮುಂಬಾಗಿಲ ತಿರುವಿನಲ್ಲಿ ಶವಪೆಟ್ಟಿಗೆ ತಿರುಗಲಿಲ್ಲ. ಹಾಗಾಗಿ ಸತ್ತವರೂ ಅಡುಗೆಮನೆಯ ದಾರಿಯಲ್ಲೇ, ಕಾಫಿ ಪಾತ್ರೆಗಳ ಪಕ್ಕದಿಂದ ಬಂದರು. ಅಡುಗೆಮನೆಯ ಮೆಟ್ಟಿಲು ಕಿರಿದು, ಹಿಮದಲ್ಲಿ ಜಾರುತ್ತದೆ ಎಂದು ಪಾದ್ರಿ ಒಂದು ದಿನ ಆರ್ವಿಡ್‌ನ ಮುಂದೆ ಸುಮ್ಮನೆ ಅಂದರು. ಅವನು ಮರುದಿನವೇ ಟೇಪು ತಂದು ಅಳೆದ. ಅಗಲವಾದ ಐದು ಮೆಟ್ಟಿಲು, ಮೇಲೊಂದು ಪುಟ್ಟ ಮಾಡು, ಒಂದು ಬೆಂಚು. ತನ್ನ ಊರಿನ ಚರ್ಚಿನಲ್ಲಿ ಆರ್ವಿಡ್ ತ್ವೇಟೆನ್ ಮಾಡಿದ ಕೆಲಸ ಅಷ್ಟೇ. ಇವತ್ತಿಗೂ ಎಲ್ಲರೂ ಅಲ್ಲಿಂದಲೇ ಒಳಗೆ ಹೋಗುತ್ತಾರೆ.

ಅವನಿಗೆ ಕೋಪ ಬರಲಿಲ್ಲವೇ ಎಂದರೆ, ನನಗೆ ಬರುತ್ತದೆ. ಅವನಿಗೆ ಬಂದಿದ್ದರೆ ಒಳ್ಳೆಯದಿತ್ತು. ಅವನು ಪ್ರತಿ ಭಾನುವಾರ ಆ ಗಾಜಿನ ಗೋಡೆಯ ಪಕ್ಕ ಕೂತು, ತನ್ನ ಚರ್ಚಿನಲ್ಲಾಗಿದ್ದರೆ ಈಗ ಬಿಸಿಲು ಮೂರನೆಯ ಸಾಲಿಗೆ ಬಂದಿರುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದ. ಪ್ರವಚನ ಅವನ ಕಿವಿಗೆ ಬೀಳುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ ಎಂದಿದ್ದರೆ ಯಾರು ಏನನ್ನುತ್ತಿದ್ದರು? ಒಂದೆರಡು ವಾರ ಆಡಿಕೊಳ್ಳುತ್ತಿದ್ದರು, ಆಸೆಬುರುಕ ಎನ್ನುತ್ತಿದ್ದರು, ಆಮೇಲೆ ನೂರು ವರ್ಷ ಚರ್ಚು ನಿಲ್ಲುತ್ತಿತ್ತು. ಈ ಯೋಚನೆ ಬಂದ ದಿನವೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹಳ್ಳಿಗಳು ಖಾಲಿಯಾಗುತ್ತ ಬಂದವು. ಅವನ ಹದಿನೇಳು ಶಾಲೆಗಳಲ್ಲಿ ಆರನ್ನು ಮುಚ್ಚಿದರು, ಒಂದರಲ್ಲಿ ಯಾರೋ ಹುಲ್ಲು ತುಂಬಿದರು. ೧೯೫೫ರಲ್ಲಿ ಅವನು ಕಚೇರಿ ಮುಚ್ಚಿದ. ಬೋರ್ಗಿಲ್ಡ್ ಫಾರ್ಗೋದಲ್ಲಿದ್ದ ಅಕ್ಕನ ಮನೆಗೆ ಹೊರಟಳು. ಹೋಗುವ ದಿನ, "ಆ ಹಾಳೆಗಳನ್ನ ನಂಗೆ ಕೊಡ್ತೀರಾ?" ಎಂದಳು.

"ಅದ್ಯಾಕಮ್ಮ, ಹಳೇ ಕಾಗದ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. "ನಾನು ಮೂರ್ ಸಲ ಎಲ್ಲಾ ಕೇಳಲ್ಲ ಯಜಮಾನ್ರೇ" ಎಂದು ತಾನೇ ಡ್ರಾಯರ್ ಎಳೆದು, ಎಲ್ಲವನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು. ಆರ್ವಿಡ್‌ಗೆ ನಗು ಬಂತು, ಅದರ ಹಿಂದೆಯೇ ದುಃಖವೂ ಬಂತು.

೧೯೫೮ರ ಅಕ್ಟೋಬರಿನಲ್ಲಿ ಪಾಲ್ಮರ್‌ಗೆ ಹೊಟ್ಟೆಯಲ್ಲಿ ಗೆಡ್ಡೆ ಎಂದು ಆಸ್ಪತ್ರೆಗೆ ಸೇರಿಸಿದರು. ಆರ್ವಿಡ್ ಕಟ್ಟಿದ ಆಸ್ಪತ್ರೆ. ಅಲ್ಲಿನ ಕಿಟಕಿಗಳನ್ನು ಅವನು ಬೇಕೆಂದೇ ಕೆಳಗಿಟ್ಟಿದ್ದ, ಮಲಗಿದವರಿಗೂ ಹೊಲ ಕಾಣಲಿ ಎಂದು. ಹೊರಗೆ ಬೀಟ್ ತುಂಬಿದ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಪಾಲ್ಮರ್ ಬಹಳ ಇಳಿದುಹೋಗಿದ್ದ, ಬಿಳಿ ಹೊದಿಕೆಯೊಳಗೆ ಮೈ ಇದೆಯೋ ಇಲ್ಲವೋ ಎನ್ನುವಂತೆ.

"ಇದೊಂದು ಒಳ್ಳೆ ಕೆಲ್ಸ ಮಾಡಿದ್ದೀಯ ಕಣೋ" ಎಂದ ಕಿಟಕಿ ತೋರಿಸಿ. "ಯಾರ್ ಹೊಲದ್ದು ಎಷ್ಟು ಲೋಡು ಹೋಯ್ತು ಅಂತ ಇಲ್ಲಿಂದ್ಲೇ ಎಣಿಸ್ತೀನಿ."

ಸ್ವಲ್ಪ ಹೊತ್ತು ಇಬ್ಬರೂ ಲಾರಿ ನೋಡಿದರು. ಆಮೇಲೆ ಪಾಲ್ಮರ್ ಕಿಟಕಿಯ ಕಡೆಯೇ ಮುಖ ಮಾಡಿಕೊಂಡು ಮಾತು ತೆಗೆದ.

"ಚರ್ಚಿನ ವಿಷ್ಯ. ಆವತ್ತು ಮೂರನೇ ಭಾನುವಾರ ನಿನ್ನನ್ನ ಕೇಳ್ಬೇಕು ಅಂತ್ಲೇ ಬಂದಿದ್ದೆ. ಕೋಟಿನ ಜೇಬಲ್ಲಿ ಸಮಿತಿ ಕಾಗದ ಇತ್ತು. ಪಾದ್ರಿ ಹೇಳಿದ್ರು, ಬೇಡ ಪಾಲ್ಮರ್, ಮೂರನೇ ಸಲ ಕೇಳಿದ್ರೆ ಅವ್ನು ಇಲ್ಲ ಅನ್ನೋ ಹಂಗಿಲ್ಲ, ಹೆಂಡ್ತಿ ಇನ್ನೂ ಮಣ್ಣು ಕಂಡಿಲ್ಲ, ಕೈ ಓಡಲ್ಲ ಅಂದಿದಾನೆ, ಅಂಥವ್ನನ್ನ ಕಟ್ಟಿಹಾಕ್ದಂಗಾಗುತ್ತೆ ಅಂತ. ನಂಗೂ ಸರಿ ಅನ್ನಿಸ್ತು. ನಿನ್ನ ಒಳ್ಳೇದಕ್ಕೇ ಅಂತ ಕೇಳ್ಲಿಲ್ಲ."

ಒಂಬತ್ತು ವರ್ಷ ಆರ್ವಿಡ್ ಬೇರೆ ಬೇರೆ ಕಾರಣ ಹುಡುಕಿದ್ದ. ನನ್ನ ಕೆಲಸ ಹಳೆಯದು ಎನ್ನಿಸಿರಬೇಕು, ಬೆಂಕಿಯ ದಿನ ನನ್ನ ಮುಖದಲ್ಲಿ ಖುಷಿ ಕಂಡಿರಬೇಕು ಎಂದುಕೊಂಡಿದ್ದ. ಪ್ರೀತಿಯಿಂದ ಬಿಟ್ಟಿರಬಹುದು ಎಂಬುದು ಒಂದು ಸಲವೂ ಹೊಳೆದಿರಲಿಲ್ಲ.

"ಆಮೇಲೆ ನೀನು ನಮ್ಮನೆಗೆ ಬಂದೆ. ಸೀಟ್ ಮೇಲೆ ಕಾಗದ ಇತ್ತು. ಆವತ್ತಿಂದ ನನ್ನ ತಲೇಲಿ ಒಂದು ಹುಳ ಬಿಟ್ಟಂಗಾಗಿದೆ. ಹೇಳೋ, ನಿಂಗೆ ಅದನ್ನ ಕಟ್ಟೋ ಆಸೆ ಇತ್ತಾ?"

"ಇಲ್ಲಪ್ಪ" ಎಂದ ಆರ್ವಿಡ್.

ಪಾಲ್ಮರ್ ತಲೆ ತಿರುಗಿಸಿ ಅವನನ್ನೇ ನೋಡಿದ. "ಸರಿಯಾಗಿ ಹೇಳು. ಇತ್ತೋ ಇಲ್ವೋ?"

"ಅದೆಲ್ಲ ಈಗ್ಯಾಕೋ. ನಂಗಾಗ ಶಕ್ತಿ ಎಲ್ಲಿತ್ತು."

ನರ್ಸ್ ಬಂದು ದಿಂಬು ಸರಿಮಾಡಿ ಹೋದಳು. ಪಾಲ್ಮರ್ ಅವಳು ಬಾಗಿಲು ದಾಟುವ ತನಕ ಕಾದ. ಹೊದಿಕೆಯಿಂದ ಕೈ ತೆಗೆದು ಆರ್ವಿಡ್‌ನ ಮಣಿಕಟ್ಟು ಹಿಡಿದ. ಅರವತ್ತು ವರ್ಷದ ಸ್ನೇಹದಲ್ಲಿ ಒಬ್ಬರ ಕೈಯನ್ನು ಒಬ್ಬರು ಹೀಗೆ ಹಿಡಿದದ್ದು ಅದೇ ಮೊದಲು.

"ಮೂರನೇ ಸಲ ಕೇಳ್ತಿದೀನಿ ಕಣೋ ಆರ್ವಿಡ್."

ಮೂರನೆಯ ಸಲಕ್ಕೆ ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ನಿಜವನ್ನು ಹೊರಗೆ ಬಿಡಲೆಂದೇ ಆ ಮೂರನೆಯ ಸಲ ಇರುವುದು. ಆರ್ವಿಡ್‌ನ ಗಂಟಲ ತನಕ ಎಲ್ಲವೂ ಬಂತು, ಗೋಪುರ, ಬಿಸಿಲು, ಆರು ಜನ ತಿರುಗುವ ಬಾಗಿಲು, ಇಪ್ಪತ್ತೆರಡು ವರ್ಷದ ಭಾನುವಾರಗಳು. ಹೌದು ಕಣೋ, ಅದೊಂದೇ ಆಸೆ ಇತ್ತು ಎಂದರೆ ಮುಗಿಯುತ್ತಿತ್ತು. ಅವನ ಎದೆ ಹಗುರವಾಗುತ್ತಿತ್ತು. ಆದರೆ ಪಾಲ್ಮರ್ ಆ ಭಾರ ಹೊತ್ತುಕೊಂಡು ಸಾಯಬೇಕಾಗುತ್ತಿತ್ತು.

"ಇಲ್ಲ ಪಾಲ್ಮರ್" ಎಂದ ಆರ್ವಿಡ್. "ಇರ್ಲಿಲ್ಲ."

ಮೂರು ಸಲ ಇಲ್ಲ ಎಂದ ಮೇಲೆ ನಂಬದಿರಲು ದಾರಿಯಿರಲಿಲ್ಲ. ಪಾಲ್ಮರನ ಮುಖ ಸಡಿಲಾಯಿತು. "ಹಂಗಾದ್ರೆ ನಾನು ಮಾಡಿದ್ದು ಸರಿನೇ ಆಯ್ತು. ಒಳ್ಳೇದಾಯ್ತು ಬಿಡು, ಕೇಳಿ ನಿಂಗೆ ತೊಂದ್ರೆ ಕೊಡ್ಲಿಲ್ಲ" ಎಂದು ಕಣ್ಣು ಮುಚ್ಚಿದ. ಅವನ ಹಿಡಿತ ಮೆಲ್ಲಗೆ ಸಡಿಲವಾಗಿ ನಿದ್ದೆ ಹತ್ತಿತು.

ಆರ್ವಿಡ್ ಕೈ ಬಿಡಿಸಿಕೊಳ್ಳದೆ ಹಾಗೇ ಕುಳಿತಿದ್ದ. ಒಂಬತ್ತು ವರ್ಷ ಕಾದ ಆ ಮೂರನೆಯ ಪ್ರಶ್ನೆ ಕೊನೆಗೂ ಬಂದಿತ್ತು, ಅದಕ್ಕೂ ಅವನು ಬೇಡ ಎಂದಿದ್ದ. ಅವನಿಗೆ ಅಳು ತಡೆಯಲಾಗಲಿಲ್ಲ. ಪಾಲ್ಮರ್‌ಗೆ ಎಚ್ಚರವಾಗದಿರಲಿ ಎಂದು ಅವನು ಸದ್ದಿಲ್ಲದೆ ಅತ್ತ.